ಹದಿನಾಲ್ಕು ಜನರ ರೇಸ್ ಕಾರು

ನಮ್ಮ ದೊಡ್ಡಪ್ಪನ ಮಗ, ನನ್ನ ಅಣ್ಣ, ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಜೀಪು ಓಡಿಸುತ್ತಿದ್ದ. ಹದಿನಾಲ್ಕು ಜನ ತುಂಬದೆ ಗಾಡಿ ಬಿಡುತ್ತಿರಲಿಲ್ಲ. ಮಧ್ಯಾಹ್ನ ಅವನ ಪಾಳಿ ಬರುವವರೆಗೆ, ನಾನು ಕಾಲೇಜು ಮುಗಿಸಿ ಬಂದರೆ, ಕಲ್ಯಾಣದ ಬಸ್‌ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ಅಂಗಡಿಯಲ್ಲಿ ಇಬ್ಬರೂ ಕಾರ್ ರೇಸ್ ಆಡುತ್ತಿದ್ದೆವು. ನಾನು ಹಗುರ ಕಾರು ಆರಿಸುತ್ತಿದ್ದೆ. ಅವನು ಎಲ್ಲಕ್ಕಿಂತ ಭಾರದ್ದನ್ನೇ ಆರಿಸಿ, ಪರದೆಯ ಮೇಲಿನ ಅಂಕಿಗಳನ್ನು ಬದಲಿಸಿ ಅದರ ಸ್ಪ್ರಿಂಗು ಬಿಗಿ ಮಾಡಿ, ಏರು ಹತ್ತಿಸುವವನಂತೆ ಗೇರು ಹೊಂದಿಸಿ, ಪ್ರತಿಸಲ ಕೊನೆಗೆ ಬರುತ್ತಿದ್ದ. ನನಗೆ ರೇಗುತ್ತಿತ್ತು.

“ಇದ್ರಾಗ ಪ್ಯಾಸೆಂಜರ್ ಯಾರೂ ಇಲ್ಲಣ್ಣ. ಯಾರ ಸಲುವಾಗಿ ಇಷ್ಟು ಬಿಗಿ ಮಾಡಾಕತ್ತಿ?” ಎನ್ನುತ್ತಿದ್ದೆ.

“ಖಾಲಿ ಗಾಡಿ ನೆಲ ಹಿಡಿಯಂಗಿಲ್ಲ ತಮ್ಮಾ. ನನಗ ಅಂಜಿಕಿ ಬರ್ತದ.”

ಒಂದು ದಿನ ನನ್ನ ಪರೀಕ್ಷೆಗೆ ಹೊತ್ತಾಗಿತ್ತು. ಜನ ತುಂಬುವವರೆಗೆ ಕಾಯಬೇಡ ಎಂದು ನಾನೇ ಹಟ ಹಿಡಿದೆ. ನನ್ನೊಬ್ಬನನ್ನೇ ಕಲ್ಯಾಣಕ್ಕೆ ತಂದು ಇಳಿಸಿ, ಹುಮನಾಬಾದಿನಲ್ಲಿ ಬಿಟ್ಟುಬಂದ ಪಾಳಿ ಹಿಡಿಯಲು ಅವನು ಖಾಲಿ ಜೀಪಿನಲ್ಲಿ ವಾಪಸ್ ಹೊರಟ. ಹೆದ್ದಾರಿಯ ತಿರುವಿನಲ್ಲಿ ಜೀಪು ಉರುಳಿತು. ಅಣ್ಣ ಉಳಿಯಲಿಲ್ಲ.

ಮೂರು ತಿಂಗಳ ಮೇಲೆ ಆ ಅಂಗಡಿಗೆ ಹೋದೆ. ಕಂಪ್ಯೂಟರಿನಲ್ಲಿ ಅವನ ಕಾರು ಅವನು ಹೊಂದಿಸಿಟ್ಟಂತೆಯೇ ಇತ್ತು. ಯಾಕೋ ಸ್ಪ್ರಿಂಗು ಸಡಿಲಿಸಿದೆ, ಗೇರು ಬದಲಿಸಿದೆ, ಓಡಿಸಿದೆ. ಅವನ ಕಾರು ಮೊದಲ ಸಲ ಗೆದ್ದಿತು.

“ಈಗ ನೋಡ್ರಿ, ಗಾಡಿ ಹಗುರ ಆಯ್ತು,” ಎಂದ ಅಂಗಡಿಯವನು ಬೆನ್ನ ಹಿಂದಿನಿಂದ.

ಎಲ್ಲವನ್ನೂ ಮತ್ತೆ ಮೊದಲಿನಂತೆ ಬಿಗಿ ಮಾಡಲು ಕುಳಿತೆ. ಅವನಿಟ್ಟಿದ್ದ ಅಂಕಿಗಳು ಒಂದೂ ನನಗೆ ನೆನಪಿರಲಿಲ್ಲ.