ಹದಿನೇಳು ಪೆಟ್ಟಿಗೆಗಳು ಮತ್ತು ನಮ್ಮ ಮೇಡಂ

ಮಣ್ಣಿನಡಿಯ ಚರಿತ್ರೆಯನ್ನು ಅವಸರವಿಲ್ಲದೆ ಓದಬಲ್ಲ ಕೆಲವೇ ಉತ್ಖನನಕಾರರಲ್ಲಿ ನಮ್ಮ ಮೇಡಂ ಅಗ್ರಗಣ್ಯರು. ಆದರೆ ಅವರ ಕೈಕೆಳಗೆ ಹತ್ತೊಂಬತ್ತು ವರ್ಷ ದುಡಿದ ನಾನು ಬರೀ ಹೊಗಳಿದರೆ ಅವರೇ ನಂಬಲಾರರು. ಅವರೊಂದಿಗೆ ಕೆಲಸ ಮಾಡುವುದೆಂದರೆ ತಲೆ ಚಿಟ್ಟು ಹಿಡಿಯುವ ಸಂಗತಿ. ಜರಡಿ ಹಿಡಿದ ಮಣ್ಣನ್ನೇ ಮತ್ತೆ ಹಿಡಿಸುವರು. ಚೀಟಿಯ ಮೇಲಿನ ಸೊನ್ನೆ ದುಂಡಗಿಲ್ಲವೆಂದು ಹೊಸದಾಗಿ ಬರೆಸುವರು.

ನಗರದ ಚೌಕವನ್ನು ನವೀಕರಿಸುವಾಗ, ವಾಹನ ನಿಲ್ಲಿಸುವ ಜಾಗದ ಕಲ್ಲುಹಾಸಿನಡಿ, ಎಂದೋ ಕೆಡವಿದ ಚರ್ಚಿನ ಸಮಾಧಿ ಅಂಗಳ ಸಿಕ್ಕಿತು. ಅದನ್ನು ಅಗೆದು ದಾಖಲಿಸಲು ನಗರಸಭೆ ಕೊಟ್ಟದ್ದು ಹನ್ನೆರಡೇ ದಿನ. ಹನ್ನೊಂದನೆಯ ದಿನ, ಚೌಕದ ಹೊಸ ಕಾರಂಜಿಯ ಕೊಳವೆ ಹಾಯಬೇಕಾದ ಕಡೆಯೇ, ಅಂಗಳದ ಹಳೆಯ ಗೋಡೆಯ ಆಚೆ, ಹದಿನೇಳು ಹಸುಗೂಸುಗಳ ಗೋರಿಗಳು ಕಂಡವು. ದೀಕ್ಷಾಸ್ನಾನ ಮಾಡಿಸಿ ಹೆಸರಿಡುವ ಮೊದಲೇ ತೀರಿಕೊಂಡದ್ದರಿಂದ ಅಂಗಳದೊಳಗೆ ಜಾಗ ಸಿಗದವು ಎಂದು ಮೇಡಂ ಊಹಿಸಿದರು. ಕೂಡಲೇ ಅಗೆಯುವ ಯಂತ್ರ ನಿಲ್ಲಿಸಿದರು.

ನಗರಸಭೆಯ ಎಂಜಿನಿಯರರು ನಿಟ್ಟುಸಿರುಬಿಟ್ಟು ಹೇಳಿದರು: "ಇನ್ನೂರು ವರ್ಷ ಸುಮ್ನೆ ಮಲಗಿದ್ದವರು ಮೇಡಂ, ಈಗ ತಕರಾರು ಮಾಡ್ತಾರಾ?"

"ಮಾಡಲ್ಲ. ಅದಕ್ಕೇ ನಾನು ಮಾಡ್ತಿದೀನಿ."

ಮೇಡಂ ಬಕೆಟ್ ಬೋರಲು ಹಾಕಿ ಗುಂಡಿಯಲ್ಲೇ ಕುಳಿತುಬಿಟ್ಟರು. ಕೆಲಸ ಮೂರು ವಾರ ಎಳೆಯಿತು. ಅಂಗಡಿಯವರ ಬೈಗುಳ, ಪತ್ರಿಕೆಯವರ ಕುಹಕ, ಮನೆಯಲ್ಲಿ ನನ್ನ ಗಂಡನ ಗೊಣಗಾಟ, ಎಲ್ಲಕ್ಕೂ ಕಿವಿಯಾದವಳು ನಾನು. ಆ ಸಿಟ್ಟಿನ ಅವಸರದಲ್ಲಿ ಇಬ್ಬರು ಮಕ್ಕಳ ಮೂಳೆಗಳನ್ನು ಒಂದೇ ಪೆಟ್ಟಿಗೆಗೆ ಸುರಿದುಬಿಟ್ಟೆ.

ಮೇಡಂ ಅದನ್ನು ಕಂಡುಹಿಡಿದರು, ಆದರೆ ಮೆಮೊ ಕೊಡಲಿಲ್ಲ. ನನ್ನ ಪಕ್ಕ ಕುರ್ಚಿ ಎಳೆದುಕೊಂಡು, ಅಕ್ಕಿಕಾಳಿನಷ್ಟು ಸಣ್ಣ ಬೆರಳ ಮೂಳೆಗಳನ್ನು ನಾಲ್ಕು ದಿನ ಬೇರ್ಪಡಿಸಿದರು. ಯಾರಿಗೆ ಗೊತ್ತಾಗುತ್ತದೆ, ಬಿಡಿ ಮೇಡಂ ಎಂದು ನಾನು ರೇಗಿದಾಗಲೂ ತಲೆಯೆತ್ತಲಿಲ್ಲ.

"ತಾಯಂದಿರು ಬೇರೆ ಬೇರೆ ಕಣಮ್ಮ," ಎಂದರು.

ನಾನೂ ಚಿಮಟ ಕೈಗೆತ್ತಿಕೊಂಡೆ.

ಕೊನೆಗೆ ಕೊಳವೆ ಏಳಡಿ ಸರಿಯಿತು. ವಿಳಂಬಕ್ಕೆ ಕಾರಣ ಕೇಳಿ ಬಂದ ಪತ್ರಕ್ಕೆ ಮೇಡಂ "ನಿರ್ಧಾರ ನನ್ನದು" ಎಂದು ಒಂದೇ ಸಾಲು ಬರೆದರು; ಆ ವರ್ಷದ ಬಡ್ತಿ ತಪ್ಪಿತು. ಹದಿನೇಳು ಪೆಟ್ಟಿಗೆಗಳನ್ನು ಊರಿನ ಸ್ಮಶಾನದಲ್ಲಿ ಮಣ್ಣು ಮಾಡಿದಾಗ, ಗೊಣಗುತ್ತಲೇ ಬಂದ ಎಂಜಿನಿಯರರೂ ಹೆಗಲು ಕೊಟ್ಟರು.

ಇದೀಗ ನಿವೃತ್ತರಾದ ಮೇಡಂ ಉಗ್ರಾಣದ ಬೀಗದ ಕೈ ಹಿಂದಿರುಗಿಸಿಲ್ಲ. ಹಳೆಯ ಉತ್ಖನನಗಳ ಪೆಟ್ಟಿಗೆಗಳನ್ನೆಲ್ಲ ಮತ್ತೊಮ್ಮೆ ನೋಡಬೇಕಂತೆ. ಅವರಿಗೆ ನೂರು ವರ್ಷ ಆಯುಸ್ಸು ದೊರೆಯಲಿ, ನಮಗೆ ಅದನ್ನು ತಾಳಿಕೊಳ್ಳುವ ಶಕ್ತಿ ಬರಲಿ.