ರೊಟ್ಟಿಯ ಅಂಚು

ನನ್ನ ಗಂಡನನ್ನು ಮಣ್ಣು ಮಾಡಿದ ದಿನ ಅಯ್ಯನವರು ಗುಂಡಿಯ ಪಕ್ಕದಲ್ಲಿ ನಿಂತು ದೇವರ ದೀರ್ಘಶಾಂತಿಯ ಬಗ್ಗೆ ಮಾತಾಡಿದರು. ತಪ್ಪು ಮಾಡುವ ಭಕ್ತ ತಿದ್ದಿಕೊಳ್ಳಲಿ ಎಂದು ದೇವರು ಕಾಯುತ್ತಾನೆ, ಬೇಸರವಿಲ್ಲದೆ ಕಾಯುತ್ತಾನೆ ಎಂದರು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಅದು ಮುಚ್ಚಿದರೆ ಸಾಕಾಗಿತ್ತು.

ಅಯ್ಯನವರು ಧಾರವಾಡದ ಕಡೆ ಚರ್ಚಿನ ಸಭಾಪಾಲಕರಾಗಿದ್ದು ನಿವೃತ್ತರಾದವರು. ಕೋಲ್ಕತ್ತದಲ್ಲಿ ಮಗಳ ಮನೆಯಲ್ಲಿದ್ದರು. ಅಳಿಯನಿಗೆ ರೈಲ್ವೆ ಕೆಲಸ. ಕನ್ನಡ ಮಾತಾಡುವ ಏಳೆಂಟು ಕ್ರೈಸ್ತ ಕುಟುಂಬಗಳು ತಿಂಗಳಿಗೊಂದು ಭಾನುವಾರ ಸೇರುತ್ತಿದ್ದೆವು. ಅಲಿಪುರದಲ್ಲಿ ನಮ್ಮದು ಹಳೆಯ ಬಾಡಿಗೆ ಮನೆ, ಆದರೆ ನಡುಮನೆ ದೊಡ್ಡದು, ಹಾಗಾಗಿ ಎಲ್ಲರೂ ನಮ್ಮಲ್ಲಿಗೇ ಬರುತ್ತಿದ್ದರು. ನಾವು ದಿನಾ ಉಣ್ಣುವ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರೆ ಅದು ಕರ್ತನ ಭೋಜನದ ಮೇಜಾಗುತ್ತಿತ್ತು. ಕರ್ತನು ಸಾಯುವ ಹಿಂದಿನ ರಾತ್ರಿ ಶಿಷ್ಯರಿಗೆ ಕೊಟ್ಟ ರೊಟ್ಟಿ, ಬಟ್ಟಲಿನ ನೆನಪಿಗೆ ಅಲ್ಲಿ ಒಂದೊಂದು ತುಂಡು ತಿಂದು ಒಂದೊಂದು ಗುಟುಕು ಕುಡಿಯುತ್ತಿದ್ದೆವು. ಹಿಂದಿನ ದಿನ ನನ್ನ ಗಂಡ ಎಸ್ಪ್ಲನೇಡ್‌ನಲ್ಲಿ ಇಳಿದು, ಬೇಕರಿಯಿಂದ ಇಲ್ಲಿನವರು ಪಾಉರುಟಿ ಎನ್ನುವ ಉದ್ದನೆಯ ರೊಟ್ಟಿ ತರುತ್ತಿದ್ದ. ನಾನು ಬೆಳಿಗ್ಗೆ ಕಂದು ಅಂಚುಗಳನ್ನೆಲ್ಲ ಕತ್ತರಿಸಿ ತೆಗೆದು, ಒಳಗಿನ ಬಿಳಿಯನ್ನು ಸಣ್ಣ ತುಂಡು ಮಾಡಿ ತಟ್ಟೆಗೆ ಹಾಕುತ್ತಿದ್ದೆ. ಅಂಚು ಯಾಕೆ ತೆಗೆಯಬೇಕು ಎಂದು ಯಾರೂ ಕೇಳಿರಲಿಲ್ಲ. ನನ್ನ ತಾಯಿಯೂ ತೆಗೆಯುತ್ತಿದ್ದರು.

ಆ ವರ್ಷಗಳಲ್ಲಿ ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದವು. ನನ್ನ ಗಂಡ ನಲವತ್ತು ದಾಟಿದ ಮೇಲೆ ಸರಕಾರಿ ಕಂಪನಿಯ ಕಂಪ್ಯೂಟರ್ ವಿಭಾಗ ಬಿಟ್ಟು ಅಲ್ಲಿಗೆ ಹೋದ. ಜೊತೆಗಿದ್ದವರೆಲ್ಲ ಅವನಿಗಿಂತ ಹದಿನೈದು ವರ್ಷ ಚಿಕ್ಕವರು. ಶುಕ್ರವಾರ ಸಂಜೆ ಅವರ ಜೊತೆ ಪಾರ್ಕ್ ಸ್ಟ್ರೀಟ್‌ಗೆ ಹೋಗಿ ಬಿಯರ್ ಕುಡಿದು, ಬಾಯಿ ತುಂಬ ಬಡೇಸೋಪು ಅಗಿಯುತ್ತ ಬರುತ್ತಿದ್ದ. ಕೇಳಿದರೆ ಮೀಟಿಂಗ್ ಎನ್ನುತ್ತಿದ್ದ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ, ಆದರೂ ಹೇಳುತ್ತಿದ್ದ.

ನಾನೇ ಹೋಗಿ ಅಯ್ಯನವರಿಗೆ ಹೇಳಿದೆ. "ನೀವೊಂದು ಮಾತು ಹೇಳ್ರಿ, ನಿಮ್ಮ ಮಾತು ಕೇಳ್ತಾರ," ಎಂದೆ. ಬೈದು ಬುದ್ಧಿ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಮುಂದಿನ ಸಭೆಯಲ್ಲಿ ಎಲ್ಲರ ಎದುರಿಗೆ ಅವನನ್ನು ಎಬ್ಬಿಸಿ ನಿಲ್ಲಿಸಿದರು.

"ಕುಡದ ಬಾಯಿಲೆ ಕರ್ತನ ಬಟ್ಟಲಾ ಮುಟ್ಟತೀಯೇನು? ಆರು ತಿಂಗಳು ಈ ಮೇಜಿಗೆ ಬರಬ್ಯಾಡ."

"ಮೇಜು ನಂದ ಐತಲ್ರಿ, ಅಯ್ಯನೋರ," ಎಂದ ನನ್ನ ಗಂಡ.

ಹಿಂದೆ ಯಾರೋ ನಕ್ಕರು.

"ಮೇಜು ನಿಂದು. ಭೋಜನ ನಿಂದಲ್ಲ," ಎಂದರು ಅಯ್ಯನವರು.

ನಾನು ಹೇಳಿದ್ದೆಂದು ಅವನಿಗೆ ಗೊತ್ತಾಯಿತೋ ಇಲ್ಲವೋ ಎಂಬುದೊಂದೇ ಆಮೇಲೆ ನನ್ನನ್ನು ತಿನ್ನತೊಡಗಿತು. ಕೇಳುವ ಧೈರ್ಯ ಇರಲಿಲ್ಲ. ಅವನು ಮೊದಲಿನಂತೆಯೇ ರೊಟ್ಟಿ ತಂದ. ನಡುಮನೆಯಲ್ಲಿ ಭೋಜನ ನಡೆಯುವಾಗ ಅಡುಗೆಮನೆಯಲ್ಲಿ ನಿಂತು, ನಾನು ಕತ್ತರಿಸಿಟ್ಟ ಅಂಚುಗಳನ್ನು ಚಹಾದಲ್ಲಿ ಅದ್ದಿ ತಿಂದ.

"ಅಂಚಿನಾಗ ರುಚಿ ಇರತೈತಿ ನೋಡು. ಒಳಗಿನವರಿಗೆ ಬರೀ ಹತ್ತಿ ಸಿಕ್ಕೈತಿ."

"ಮೆಲ್ಲಗ ಮಾತಾಡ್ರಿ," ಎಂದು ನಗು ತಡೆದು ಹೇಳಿ ನಾನು ಒಳಗೆ ಹೋಗಿ ಭೋಜನ ತೆಗೆದುಕೊಂಡೆ. ನಾಲ್ಕು ತಿಂಗಳು ಹೀಗೇ ನಡೆಯಿತು.

ಅವನು ಸುಧಾರಿಸಿದ ಎಂದು ನಾನು ಬರೆಯುವುದಿಲ್ಲ. ಮೂರನೆಯ ತಿಂಗಳಲ್ಲಿ ಮತ್ತೆ ವಾಸನೆ ಬಂತು.

"ಮತ್ತ ಹೋಗಿದ್ರಿ?"

"ಹೋಗಿದ್ದೆ. ಹೇಳಾವ್ರು ಹೇಳ್ಕೊಳ್ಳಲಿ ಬಿಡು," ಎಂದು ಹೇಳಿ ನನ್ನ ಕಡೆ ನೋಡಿದ. ಆ ನೋಟಕ್ಕೆ ಏನರ್ಥ ಎಂದು ಎಷ್ಟೋ ದಿನ ಯೋಚಿಸಿದೆ.

ನಾಲ್ಕನೆಯ ಭೋಜನವಾದ ಎಂಟು ದಿನಕ್ಕೆ, ಸೋಮವಾರ ಬೆಳಿಗ್ಗೆ, ಆಫೀಸ್ ಬಸ್ಸಿನಲ್ಲಿ ಕುಳಿತಲ್ಲೇ ಹೃದಯ ನಿಂತಿತು. ಜೊತೆಗಿದ್ದವರು ನಿದ್ದೆ ಹತ್ತಿದೆ ಎಂದುಕೊಂಡಿದ್ದರಂತೆ.

ಕುಡಿಯುವವರು, ಲಂಚ ತಿನ್ನುವವರು, ಸೊಸೆಯನ್ನು ಗೋಳಾಡಿಸುವವರು, ಎಲ್ಲರೂ ನಮ್ಮ ಸಭೆಯಲ್ಲಿದ್ದರು. ಎಲ್ಲರಿಗೂ ತಿದ್ದಿಕೊಳ್ಳಲು ವರ್ಷಗಟ್ಟಲೆ ಸಮಯ ಸಿಕ್ಕಿತ್ತು. ನನ್ನ ಗಂಡನಿಗೆ ಉಳಿದ ಎರಡು ತಿಂಗಳೂ ಸಿಗಲಿಲ್ಲ. ಅಯ್ಯನವರು ಆರು ತಿಂಗಳೆಂದರೆ ದೇವರು ನಾಲ್ಕಕ್ಕೇ ಮುಗಿಸಿದ. ಅದಕ್ಕೆ ದೀರ್ಘಶಾಂತಿ ಎನ್ನುವುದಾದರೆ ಆ ಶಾಂತಿ ನನಗೆ ಬೇಡ ಎಂದು ಪ್ರಾರ್ಥನೆಯಲ್ಲೇ ಹೇಳಿದೆ. ಹೇಳಿದರೂ ಏನೂ ಆಗಲಿಲ್ಲ. ಕರ್ತನನ್ನು ಹಿಡಿದುಕೊಟ್ಟ ಶಿಷ್ಯನಿಗೂ ಆ ಮೊದಲ ಮೇಜಿನಲ್ಲಿ ಕರ್ತನ ಕೈಯಿಂದಲೇ ತುತ್ತು ಸಿಕ್ಕಿತ್ತಲ್ಲ. ನಮ್ಮ ಮನೆಯಲ್ಲಿ ಹಿಡಿದುಕೊಟ್ಟವಳು ನಾನು. ನಾಲ್ಕು ಸಲವೂ ಬಿಳಿ ತುಂಡು ತಿಂದೆ, ಗಂಟಲಲ್ಲಿ ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ನನ್ನನ್ನು ಸಹಿಸಿಕೊಂಡ ದೇವರ ಮೇಲೆ ಅದಕ್ಕೇ ಹೆಚ್ಚು ಸಿಟ್ಟು.

ಸಾವಾದ ಮೇಲೆ ಒಂದು ತಿಂಗಳು ಸಭೆ ಬೇರೆಯವರ ಮನೆಯಲ್ಲಿ ಸೇರಿತು. ಅದರ ಮುಂದಿನ ತಿಂಗಳು ಅಯ್ಯನವರು ಬಂದು ಬಾಗಿಲಲ್ಲಿ ನಿಂತರು. ನನ್ನ ಮಗಳು ಒಳಗಿನಿಂದಲೇ ಕೂಗಿದಳು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ.

"ಮಮ್ಮಿ, ವೈ ಈಸ್ ಹೀ ಹಿಯರ್? ಬೇಡ ಹೇಳು ಅವರಿಗೆ."

"ಈ ಸಲ ಸಭಾ ಇಲ್ಲೇ ಮಾಡೂಣೇನವಾ?" ಎಂದರು ಅಯ್ಯನವರು.

ಅದು ಆರನೆಯ ತಿಂಗಳು. ಅದನ್ನವರು ಲೆಕ್ಕ ಹಾಕಿರಲಿಲ್ಲ. ನಾನು ಕುಳಿತುಕೊಳ್ಳಿ ಎನ್ನಲಿಲ್ಲ.

"ಒಂದು ಮಾತು ಕೇಳ್ತೀನ್ರಿ. ನಾನು ನಿಮಗ ಹೇಳಿದ್ದು ಅವರಿಗೆ ಗೊತ್ತಿತ್ತೇನ್ರಿ?"

ಅವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ತೆಗೆದುಕೊಂಡರು. "ಅವತ್ತ ಕೇಳಿದ. ಸುಳ್ಳು ಹೆಂಗ ಹೇಳ್ಲಿ? ಹೇಳಿದೆ."

"ಏನಂದ್ರು?"

"ನನಗ ಗೊತ್ತಾತು ಅಂತ ಆಕಿಗೆ ಗೊತ್ತಾಗೂದು ಬ್ಯಾಡ ಅಂದಾ."

ನಾಲ್ಕು ತಿಂಗಳು ರೊಟ್ಟಿ ತಂದುಕೊಟ್ಟು, ನನ್ನನ್ನು ಒಳಗೆ ಕಳಿಸಿ, ಅಂಚು ತಿಂದು ನಗಿಸಿದ್ದನ್ನೆಲ್ಲ ಗೊತ್ತಿದ್ದೇ ಮಾಡಿದ್ದ. ಪಾರ್ಕ್ ಸ್ಟ್ರೀಟ್‌ನಲ್ಲಿ ಕುಡಿದು ಸುಳ್ಳು ಹೇಳುತ್ತಿದ್ದ ಮನುಷ್ಯ ನನ್ನನ್ನು ಸಹಿಸಿಕೊಂಡಿದ್ದ. ಒಮ್ಮೆ ಬೈದುಬಿಟ್ಟಿದ್ದರೆ ನಾನು ಈಗ ಹೀಗೆ ಇರುತ್ತಿರಲಿಲ್ಲ.

"ಬರ್ರಿ ಭಾನುವಾರ," ಎಂದೆ. "ಮೇಜು ಹಂಗ ಐತಿ."

ಶನಿವಾರ ನಾನೇ ಎಸ್ಪ್ಲನೇಡ್‌ಗೆ ಹೋಗಿ ರೊಟ್ಟಿ ತಂದೆ. ಭಾನುವಾರ ಅಂಚು ಕತ್ತರಿಸಿ, ಬಿಳಿ ತುಂಡುಗಳ ತಟ್ಟೆಯನ್ನು ಮೇಜಿನ ಮೇಲಿಟ್ಟು, ಅಡುಗೆಮನೆಗೆ ಬಂದು ಅವನು ನಿಲ್ಲುತ್ತಿದ್ದಲ್ಲೇ ನಿಂತೆ. ನಡುಮನೆಯಿಂದ ನನ್ನ ಹೆಸರು ಹಿಡಿದು ಕರೆದರು. ಹೋಗಲಿಲ್ಲ. ನನಗೆ ಎಷ್ಟು ತಿಂಗಳು ಎಂದು ಯಾರೂ ಹೇಳಿರಲಿಲ್ಲ, ನಾನೇ ಶುರು ಮಾಡಿದೆ. ಅಂಚು ಗಟ್ಟಿಯಿತ್ತು. ಚಹಾದಲ್ಲಿ ಅದ್ದದೆ ತಿನ್ನಲಾಗುತ್ತಿರಲಿಲ್ಲ.

ಭೋಜನ ಮುಗಿದ ಮೇಲೆ ಅಯ್ಯನವರು ಅಡುಗೆಮನೆಗೆ ಬಂದರು. ಬೈಬಲಿನ ಏನಾದರೂ ವಾಕ್ಯ ಹೇಳುತ್ತಾರೆ ಎಂದು ಹಲ್ಲು ಕಚ್ಚಿಕೊಂಡೆ. ಅವರು ತಟ್ಟೆಯಿಂದ ಒಂದು ಅಂಚು ತೆಗೆದುಕೊಂಡು, ಇರುವ ನಾಲ್ಕು ಹಲ್ಲಿನಲ್ಲಿ ಅಗಿಯಲು ಶುರು ಮಾಡಿದರು. ಬಹಳ ಹೊತ್ತು ಅಗಿದರು.

ಪಾತ್ರೆಯಲ್ಲಿ ಚಹಾ ಇನ್ನೂ ಇತ್ತು. ಅವರು ಕೇಳಲಿಲ್ಲ. ನಾನೂ ಕೊಡಲಿಲ್ಲ.