ಕೇಳಿಸದ ಸೊನ್ನೆ

‘ಸ್ವಯಂಸೇವಕರಿಗೆ ಸ್ವಾಗತ’ ಎಂಬ ಮಾತು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಬಾಗಿಲಿಗೆ ಬೀಗ ಜಡಿದು, ಹೊಸಿಲ ಮುಂದೆ ರಂಗೋಲಿ ಹಾಕಿ ಕರೆಯುವ ಸ್ವಾಗತ ಅದು.

ನಾನು ಗೌರಿಬಿದನೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ನನ್ನ ಗೆಳತಿ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮನೆಮಾತು ಉರ್ದು, ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ, ಹಳಗನ್ನಡ ಅಂದರೆ ಊಟ ನಿದ್ದೆ ಮರೆಯುತ್ತಾಳೆ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಉಚಿತ ತಂತ್ರಾಂಶವೊಂದು ಅವಳ ಕಂಪ್ಯೂಟರಿನಲ್ಲಿದೆ. ದೇಶ ದೇಶಗಳ ಜನ ಬಿಡುವಿನಲ್ಲಿ ಕೂತು ಕಟ್ಟಿದ್ದು. ಯಾರು ಬೇಕಾದರೂ ತಿದ್ದಬಹುದು, ಹಾಗಂತ ಹೇಳಿಕೊಳ್ಳುತ್ತಾರೆ.

ಆ ವರ್ಷ ಹತ್ತನೇ ತರಗತಿಗೆ ಹೊಸ ಪದ್ಯಗಳು ಬಂದಿದ್ದವು. ಬ್ರೈಲ್ ಪುಸ್ತಕ ಇನ್ನೂ ಬಂದಿರಲಿಲ್ಲ. ಅದೇ ಹೊತ್ತಿಗೆ ತಂತ್ರಾಂಶ ತನ್ನಷ್ಟಕ್ಕೆ ತಾನೇ ಹೊಸದಾಯಿತು, ಹೊಸದಾದ ಮೇಲೆ ಸೊನ್ನೆಗಳನ್ನು ನುಂಗತೊಡಗಿತು. ಚಿಂತಾಮಣಿ ಹೋಗಿ ಚಿತಾಮಣಿಯಾಯಿತು. ತೊಂಡೇಬಾವಿ ತೊಡೇಬಾವಿಯಾಯಿತು. ಇದಕ್ಕೆಲ್ಲ ನಕ್ಕು ಸುಮ್ಮನಿರಬಹುದಿತ್ತು. ಆದರೆ ಹಳಗನ್ನಡದಲ್ಲಿ ಸೊನ್ನೆಯೇ ಜೀವ. ‘ಅರಸಂ ಬಂದಂ’ ಎಂಬುದನ್ನು ಅದು ‘ಅರಸ ಬದ’ ಎಂದು ಓದುತ್ತಿತ್ತು.

ಗೊತ್ತಿರುವ ಪದವನ್ನು ಅವಳು ಊಹಿಸಿಕೊಳ್ಳುತ್ತಿದ್ದಳು, ಹೊಸ ಪದಗಳಲ್ಲಿ ಎಡವಿದಳು. ಪುಸ್ತಕ ಹಿಡಿದು ಕೂತ ಮಕ್ಕಳು ತಿದ್ದಿದರು. ಸುದ್ದಿ ಹೆಡ್‌ಮಾಸ್ಟರ ಕಿವಿಗೆ ಬಿತ್ತು.

“ತಪ್ಪು ತಿಳ್ಕೋಬೇಡಿ ಮೇಡಂ, ಹತ್ತನೇ ಕ್ಲಾಸ್ ಅಲ್ವಾ, ರಿಸಲ್ಟ್ ಮುಖ್ಯ. ಈ ತಿಂಗಳು ನೋಡಣ, ಆಮೇಲೆ ಬೇರೆಯವ್ರಿಗೆ ಕೊಡಣ,” ಅಂದರಂತೆ.

ನಾನೇ ಓದಿ ರೆಕಾರ್ಡ್ ಮಾಡಿ ಕಳಿಸುತ್ತೇನೆ ಅಂದೆ. “ನನ್ನ ಪಾಠ ನಾನೇ ಓದ್ಕೋಬೇಕು ಕಣೇ. ಅದನ್ನ ರಿಪೇರಿ ಮಾಡ್ಸು, ಸಾಕು,” ಅಂದಳು.

ಹುಡುಕಿದೆ. ರಿಪೇರಿ ಆಗಲೇ ಆಗಿತ್ತು. ಯಾರೋ ಕನ್ನಡಿಗರು ದೂರು ಬರೆದಿದ್ದರು, ದೂರದ ದೇಶದ ಯಾರೋ ಪ್ಯಾಚ್ ಅಂತ ಒಂದು ತೇಪೆಯನ್ನೂ ಹೊಲಿದಿಟ್ಟಿದ್ದರು. ಕನ್ನಡ ಬಲ್ಲವರು ಪರೀಕ್ಷಿಸಿ ಸರಿ ಅನ್ನುವವರೆಗೆ ಅದನ್ನು ಎಲ್ಲರಿಗೂ ಹಂಚುವಂತಿಲ್ಲವಂತೆ. ಸ್ವಯಂಸೇವಕರಿಗೆ ಸ್ವಾಗತವಂತೆ. ಪರೀಕ್ಷಿಸುವುದು ಹೇಗೆ? ಸೋರ್ಸ್ ಕೋಡ್ ಅನ್ನುವ ಮೂಲ ಬರಹ ಇಳಿಸಿಕೊಳ್ಳಿ, ಅದಕ್ಕೆ ಬೇಕಾದ ಸಲಕರಣೆಗಳನ್ನು ಹಾಕಿಕೊಳ್ಳಿ, ತೇಪೆ ಹಚ್ಚಿ, ಕಂಪೈಲ್ ಮಾಡಿ, ಅಂದರೆ ಓಡುವ ತಂತ್ರಾಂಶವಾಗಿ ನೀವೇ ಕಟ್ಟಿಕೊಳ್ಳಿ. ಇಂಗ್ಲಿಷಿನಲ್ಲಿ ಪುಟಗಟ್ಟಲೆ. ಕಣ್ಣಿಲ್ಲದವರಿಗಾಗಿಯೇ ಮಾಡಿದ ತಂತ್ರಾಂಶ, ಪರೀಕ್ಷಿಸಲು ಮಾತ್ರ ಪ್ರೋಗ್ರಾಮರೇ ಆಗಿರಬೇಕು. ಕಂಪ್ಯೂಟರ್ ಪಾಠ ಹೇಳುವ ನನಗೇ ಎರಡು ಭಾನುವಾರ ಬೇಕಾದವು. ಒಂದು ಎರರ್ ಕಳೆದರೆ ಇನ್ನೊಂದು. ಸಿಟ್ಟಿಗೆ ಮೌಸನ್ನು ಮೇಜಿಗೆ ಕುಕ್ಕಿದೆ.

ಕೊನೆಗೂ ಆದದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಿಸಿ ಶಿಡ್ಲಘಟ್ಟಕ್ಕೆ ಹೋದೆ. ಅವಳು ಹಾಕಿ ಕೇಳಿದಳು. ‘ಅರಸ ಬದ.’ ಹಾಗೇ ಇತ್ತು. ಮೊದಲು ‘ಒಂದು’ ಎಂದಷ್ಟೇ ಓದುತ್ತಿದ್ದ ಪದ್ಯದ ಸಂಖ್ಯೆ ೧೦ ಬಂದಾಗ ಮಾತ್ರ ಅದು ಸ್ಪಷ್ಟವಾಗಿ ‘ಹತ್ತು’ ಅಂದಿತು.

ಅವಳು ನಗತೊಡಗಿದಳು. “ಅಯ್ಯೋ, ಅವ್ರು ಸೊನ್ನೆ ಸರಿ ಮಾಡವ್ರೆ ಕಣೇ. ಲೆಕ್ಕದ ಸೊನ್ನೆ!”

ದೂರು ಬರೆದವರು ‘ಸೊನ್ನೆ ಕೇಳಿಸುತ್ತಿಲ್ಲ’ ಎಂದು ಬರೆದಿದ್ದರು. ನಮಗೆ ಅಕ್ಷರದ ಪಕ್ಕದ್ದೂ ಸೊನ್ನೆ, ಲೆಕ್ಕದ್ದೂ ಸೊನ್ನೆ. ಅದನ್ನು ಯಂತ್ರಕ್ಕೆ ಕೊಟ್ಟು ಅನುವಾದ ಮಾಡಿಸಿಕೊಂಡ ತೇಪೆಯ ಪುಣ್ಯಾತ್ಮ ಅಂಕಿಯನ್ನು ತಿದ್ದಿ ಕೂತಿದ್ದ. ಕಿವಿಗೊಟ್ಟ ಅರೆಗಳಿಗೆಯಲ್ಲಿ ಅವಳಿಗೆ ತಿಳಿದ ತಪ್ಪು ಅಲ್ಲಿ ವಾರಗಟ್ಟಲೆ ಕೊಳೆಯುತ್ತಿತ್ತು. ನನಗೆ ನಗು ಬರಲಿಲ್ಲ.

ಅಂದೇ ತಂತ್ರಾಂಶದವರಿಗೆ ಬರೆದೆ. ತಪ್ಪು ವಿವರಿಸಿದೆ. ಇಳಿಸಿಕೊಂಡು ಒತ್ತಿದರೆ ತೆರೆಯುವಂಥ ಫೈಲೊಂದನ್ನು ಪ್ರತಿ ತೇಪೆಯ ಜೊತೆ ಇಡಿ, ಕಂಪೈಲ್ ಮಾಡುವ ಕೆಲಸವನ್ನು ನಿಮ್ಮ ಯಂತ್ರವೇ ಮಾಡಲಿ, ಬಳಸುವವರೇ ಪರೀಕ್ಷಿಸುತ್ತಾರೆ ಎಂದೂ ಕೇಳಿದೆ. ಉತ್ತರ ವಿನಯವಾಗಿತ್ತು. ಅದು ತಮಗೆ ಹೆಚ್ಚಿನ ಕೆಲಸವಂತೆ, ಪರೀಕ್ಷಿಸುವವರು ಸಾಮಾನ್ಯವಾಗಿ ಕಂಪೈಲ್ ಮಾಡಬಲ್ಲವರೇ ಆಗಿರುತ್ತಾರಂತೆ. ಆಗಿರದೆ ಏನು? ಉಳಿದವರನ್ನೆಲ್ಲ ಗೇಟಿನಲ್ಲೇ ನಿಲ್ಲಿಸಿದ ಮೇಲೆ ಒಳಗಿರುವವರು ಇನ್ಯಾರು?

ಹೊಸ ತೇಪೆ ಬೇಗನೆ ಬಂತು. ಫೈಲ್ ಇರಲಿಲ್ಲ. ಮತ್ತೆ ಸಲಕರಣೆ, ಮತ್ತೆ ಎರರ್. ಅಷ್ಟರಲ್ಲಿ ತಿಂಗಳು ಮುಗಿದಿತ್ತು. ನಾನು ಶಿಡ್ಲಘಟ್ಟ ಮುಟ್ಟಿದಾಗ ಅವಳಿಗೆ ಎಂಟನೇ ತರಗತಿ ಕೊಟ್ಟಾಗಿತ್ತು.

ಹತ್ತನೇ ತರಗತಿಯ ಪದ್ಯವನ್ನೇ ಹಾಕಿದಳು. ‘ಅರಸಂ ಬಂದಂ.’ ಒಂದು ಸೊನ್ನೆಯೂ ತಪ್ಪಲಿಲ್ಲ. ಅವಳು ಪದ್ಯ ಮುಗಿಯುವವರೆಗೂ ಕೇಳಿ, ಶಬ್ದ ನಿಲ್ಲಿಸಿದಳು.

“ಸರಿಯಾಗೈತೆ ಅಂತ ಬರಿಯಮ್ಮ,” ಅಂದಳು.

ಬರೆದೆ. ಆ ಕಡೆಯಿಂದ ತಕ್ಷಣ ಧನ್ಯವಾದ ಬಂತು, ಪಕ್ಕದಲ್ಲಿ ಒಂದು ನಗುವ ಮುಖ. ‘ಅದೇನೇ ಬಂದಿದ್ದು’ ಎಂದು ಅವಳು ಕೇಳಿದಳು. ನಾನು ಓದಿ ಹೇಳಲಿಲ್ಲ.